ಸಹಾಯವಾಣಿಯ ಮೇಡಂ ಮತ್ತು ಪುಕ್ಕಟೆರಾಯ

ಇದು ನಿಜವಾಗಿ ನಡೆದ ಕತೆ. ಸಂಬಂಧಪಟ್ಟ ಮೂವರೂ ಗಟ್ಟಿಮುಟ್ಟಾಗಿದ್ದಾರೆ, ಬೇಕಾದವರು ಹೋಗಿ ಕೇಳಬಹುದು. ಆದರೆ ಮೂವರೂ ಮೂರು ಥರ ಹೇಳುತ್ತಾರೆ. ಅದರಲ್ಲಿ ಇಬ್ಬರಂತೂ ಅರ್ಧಕ್ಕೇ ನಗಲು ಶುರುಮಾಡಿ ಕತೆಯ ಕುತ್ತಿಗೆ ಹಿಚುಕುತ್ತಾರೆ. ಆದ್ದರಿಂದ ಇಲ್ಲಿ, ನಗದೆ, ಮೊದಲಿನಿಂದ.

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ದೊಡ್ಡಪ್ಪನ ಸ್ಟುಡಿಯೋ. ಅವರನ್ನು ಹಾಗೆ ಕರೆಯುವ ಹಕ್ಕು ಇದ್ದದ್ದು ತಮ್ಮನ ಮಗಳೊಬ್ಬಳಿಗೇ. ಅವಳು ದಿನಕ್ಕೆ ನೂರು ಸಲ ಕರೆದು ಕರೆದು, ಗಿರಾಕಿಗಳೂ ಕೊರಿಯರ್ ತರುವವನೂ ಹಾಗೆಯೇ ಕರೆಯತೊಡಗಿದ್ದರು. ಮುಂದಿನ ಕೋಣೆಯಲ್ಲಿ ದೊಡ್ಡಪ್ಪನ ಮೇಜು, ಎರಡು ಪರದೆ, ಬಿಸಿಯಾದರೆ ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಡುವ ಹಳೇ ಕಂಪ್ಯೂಟರು. ಹಿಂದಿನ ಕೋಣೆಯ ಒಂದು ಗೋಡೆಗೆ ಹಸಿರು ಬಟ್ಟೆ. ಇನ್ನೊಂದು ಮೂಲೆಯಲ್ಲಿ ಪ್ಲೈವುಡ್ಡಿನ ಗೂಡು: ಒಳಗೆಲ್ಲ ಕಂಬಳಿ ಬಡಿದು, ಬಾಗಿಲಂಚಿಗೆ ರಬ್ಬರ್ ಪಟ್ಟಿ ಹಚ್ಚಿ, ಅಂಗೈಯಗಲ ಗಾಜು ಕೂರಿಸಿದ್ದು. ವಿವರಣೆ ಓದಿ ಧ್ವನಿ ಹಿಡಿಯುವುದು ಅಲ್ಲಿ. ಬಾಗಿಲು ಮುಚ್ಚಿದರೆ ಒಳಗಿನ ಕೂಗು ಹೊರಗಿಲ್ಲ, ಹೊರಗಿನ ಹಾರ್ನು ಒಳಗಿಲ್ಲ.

ತಮ್ಮನ ಮಗಳಿಗೆ ಮನೆಯಲ್ಲಿಟ್ಟ ಹೆಸರು ಬೇರೆ, ಉಳಿದದ್ದು ಗಿಳಿ. ಮಾತು ಕಲಿತ ವರ್ಷವೇ ಅಜ್ಜನ ಕೆಮ್ಮು ಕಲಿತಿದ್ದಳು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಒಂದು ಮಧ್ಯಾಹ್ನ ರಜೆ ಘೋಷಿಸಿ, ಅವರ ಕೋಣೆಯಲ್ಲಿ ಅದೇ ದನಿಯಲ್ಲಿ ಕ್ಷಮೆ ಕೇಳಿ ಇನ್ನಷ್ಟು ಬೈಸಿಕೊಂಡಿದ್ದಳು. ಈಗ ಐದು ವರ್ಷದಿಂದ ಸ್ಟುಡಿಯೋದ ಫೋನು, ಲೆಕ್ಕ, ಧ್ವನಿ ಅವಳ ಪಾಲು. ಚಿತ್ರ ಮಾತ್ರ ದೊಡ್ಡಪ್ಪನದು. ಚಿತ್ರವನ್ನು ಕತ್ತರಿಸುವುದು, ಜೋಡಿಸುವುದು, ಹಸಿರು ಬಟ್ಟೆಯ ಮುಂದೆ ನಿಂತವರನ್ನು ಎತ್ತಿ ಬೇರೊಂದು ಚಿತ್ರದ ಮೇಲೆ, ಅಂಟಿಸಿದ್ದು ಗೊತ್ತಾಗದ ಹಾಗೆ ಅಂಟಿಸುವುದು, ಇದರಲ್ಲಿ ಅವರನ್ನು ಮೀರಿಸುವವರು ಆ ಬೀದಿಯಲ್ಲಷ್ಟೇ ಅಲ್ಲ, ಆಚೆ ಬೀದಿಯಲ್ಲೂ ಇರಲಿಲ್ಲ.

ತೊಂದರೆ ಬಂದದ್ದು ಸಾಫ್ಟ್‌ವೇರಿನಿಂದ. ಹದಿಮೂರು ವರ್ಷದಿಂದ ದೊಡ್ಡಪ್ಪ ಒಂದನ್ನೇ ನೆಚ್ಚಿಕೊಂಡಿದ್ದರು. ಅದು ತಿಂಗಳು ತಿಂಗಳು ಬಾಡಿಗೆ ಕೇಳುವ ಜಾತಿ. ಕೊಡದಿದ್ದರೆ ನೀವೇ ಮಾಡಿದ ಕೆಲಸದ ಬಾಗಿಲಿಗೂ ಬೀಗ. ಗಿಳಿ ಅದಕ್ಕೆ ಜಮೀನ್ದಾರ ಎಂದು ಹೆಸರಿಟ್ಟಿದ್ದಳು. ಈ ವರ್ಷ ಜಮೀನ್ದಾರ ಬಾಡಿಗೆಯನ್ನು ಒಂದೂವರೆ ಪಟ್ಟು ಮಾಡಿದ. "ಸಂಕಲನಕಾರರ ಮನೇಲಿ ಬರೀ ವ್ಯವಕಲನವೇ ಆಗೋಯ್ತಲ್ಲ ದೊಡ್ಡಪ್ಪ," ಎಂದಳು ಗಿಳಿ. ದೊಡ್ಡಪ್ಪ ನಗಲಿಲ್ಲ. ಅವರಿಗೆ ಅವಳ ಮಿಮಿಕ್ರಿ ಇಷ್ಟ, ಶ್ಲೇಷೆ ಕಷ್ಟ.

ಅದೇ ವಾರ ಡಾಕ್ಟರಮ್ಮ ಒಬ್ಬರ ಫೋನು, ಎತ್ತಿದ್ದು ಗಿಳಿ. ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುವ ಆಸ್ಪತ್ರೆಯವರು. ರೋಗಿಗಳು ಮನೆಯಲ್ಲಿ ನೋಡಿಕೊಂಡು ಮಾಡಲು ನಲವತ್ತು ಪುಟ್ಟ ಚಿತ್ರಗಳು ಬೇಕಂತೆ. ಡಾಕ್ಟರಮ್ಮ ತೋಳೆತ್ತಿದರೆ ಪಕ್ಕದಲ್ಲಿ ತೋಳಿನೊಳಗಿನ ಸ್ನಾಯು ಎಳೆಯುವುದು ಕಾಣಬೇಕಂತೆ.

"ಆದ್ರೆ ಒಂದು ಷರತ್ತು," ಎಂದರು ಡಾಕ್ಟರಮ್ಮ. "ಬೇರೆ ಬೇರೆ ಭಾಷೆಯ ಅಕ್ಷರಗಳನ್ನ ಆಮೇಲೆ ನಮ್ಮ ಹುಡುಗಿಯರೇ ಹಾಕ್ಕೋತಾರೆ. ಅದಕ್ಕೆ ನೀವು ಮಾಡೋ ಫೈಲು ನಮ್ಮಲ್ಲೂ ತೆರೀಬೇಕು. ತಿಂಗಳ ಬಾಡಿಗೆ ಕಟ್ಟೋ ಸಾಫ್ಟ್‌ವೇರ್ ನಮ್ಮ ಕೈಲಾಗಲ್ಲ. ಅದೇ ಆದ್ರೆ ಬೇರೆಯವರನ್ನ ನೋಡ್ತೀವಿ, ಬೇಜಾರಾಗಬೇಡಿ."

ಮರುದಿನ ಬಂದು, ಮಾದರಿಗಾಗಿ ಒಂದು ವ್ಯಾಯಾಮವನ್ನು ಹಸಿರು ಬಟ್ಟೆಯ ಮುಂದೆ ಮಾಡಿ ತೋರಿಸಿ ಹೋದರು. ಆ ಮಾದರಿಗೆ ಮೂರು ವಾರದ ಗಡುವು. ನಲವತ್ತು ಚಿತ್ರ ಎಂದರೆ ಸ್ಟುಡಿಯೋಗೆ ಒಂದು ವರ್ಷದ ಉಸಿರು.

ಷರತ್ತು ಕೇಳಿದರೆ ಕೆಲಸವೇ ಬೇಡ ಎನ್ನುವ ದೊಡ್ಡಪ್ಪನಿಗೆ ಅದನ್ನು ಹೇಳದೆ, ಗಿಳಿ ಅಗ್ಗದ ಸಾಫ್ಟ್‌ವೇರುಗಳನ್ನು ಹೆಣ್ಣು ನೋಡಲು ಹೋದವರ ಹಾಗೆ ಒಂದೊಂದಾಗಿ ಕೂರಿಸಿಕೊಂಡು ವಿಚಾರಿಸಿದಳು. ಮೊದಲನೆಯದು ದುಡ್ಡು ಕೊಡುವ ತನಕ ಚಿತ್ರದ ನಟ್ಟನಡುವೆ ತನ್ನ ಮುದ್ರೆ ಒತ್ತುತ್ತಿತ್ತು. ಡಾಕ್ಟರಮ್ಮನ ಮುಖದ ಮೇಲೆ ಅಂಚೆಚೀಟಿ ಅಂಟಿಸಿದ ಹಾಗೆ. ಎರಡನೆಯದು ಒಳ್ಳೆಯ ಗುಣದ್ದೇ, ಆದರೆ ನಾಲ್ಕು ಪದರ ಹೇರಿದೊಡನೆ ಹಳೇ ಕಂಪ್ಯೂಟರು ಏದುಸಿರು ಬಿಟ್ಟು ಕುಸಿಯಿತು. ಮೂರನೆಯದು ಪೂರಾ ಉಚಿತ. ಮುದ್ರೆಯಿಲ್ಲ, ಕುಸಿತವಿಲ್ಲ, ಹಸಿರು ತೆಗೆಯುವ ಕೆಲಸವೂ ಅದರೊಳಗೇ. ಜಾಸ್ತಿ ಬೇಕೆಂದರೆ ಒಂದೇ ಸಲ ಕೊಂಡು ಜೀವಮಾನವಿಡೀ ಇಟ್ಟುಕೊಳ್ಳಬಹುದು.

"ಪುಕ್ಕಟೆರಾಯ!" ಎಂದು ಮೂಗು ಮುರಿದರು ದೊಡ್ಡಪ್ಪ. "ಪುಕ್ಕಟೆ ಸಿಗೋದರಲ್ಲಿ ಕೆಲಸ ಮಾಡಿದ್ರೆ ಚಿತ್ರದಲ್ಲೇ ಗೊತ್ತಾಗುತ್ತೆ ಕಣೇ. ವಾಸನೆ ಹೊಡೆಯುತ್ತೆ."

"ಒಂದ್ಸಲ ಕೂತು ನೋಡಿ ದೊಡ್ಡಪ್ಪ."

ಕೂತರು. ಗಿಳಿ ಹಿಂದೆ ನಿಂತಳು. ದೊಡ್ಡಪ್ಪನ ಎಡಗೈ ಕೀಲಿಮಣೆಯ ಮೇಲೆ ಕಣ್ಣಿಲ್ಲದೆ ಓಡುವ ಕೈ. ಅದರ ಅಕ್ಷರಗಳು ಅಳಿಸಿ ಎಷ್ಟೋ ವರ್ಷವಾಗಿತ್ತು. ಕತ್ತರಿಸಲು ಎಂದಿನ ಗುಂಡಿ ಒತ್ತಿದರು. ಇಲ್ಲಿ ಅದಕ್ಕೆ ಬೇರೆ ಅರ್ಥ. ಡಾಕ್ಟರಮ್ಮನ ಹತ್ತು ಸೆಕೆಂಡು ಮಾಯ. ಹಿಂದಿನದೆಲ್ಲ ಮುಂದಕ್ಕೆ ಜಾರಿ, ಬಾಯಿ "ಒಂದು" ಎನ್ನುವಾಗ ಧ್ವನಿ "ಏಳು" ಎಂದಿತು. ಸರಿಮಾಡಲು ಇನ್ನೊಂದು ಒತ್ತಿದರು. ಪರದೆಯ ಅರ್ಧವೇ ಮಾಯವಾಯಿತು.

"ನೋಡಿದ್ಯಾ? ದರಿದ್ರದ್ದು," ಎಂದು ಎದ್ದುಬಿಟ್ಟರು. ದನಿಯಲ್ಲಿ ತಾತ್ಸಾರವಿತ್ತು. ಆದರೆ ದನಿ ನಂಬಿ ಮೋಸಹೋಗುವವಳಲ್ಲ ಗಿಳಿ. ದೊಡ್ಡಪ್ಪನ ಕಿವಿಗಳೆರಡೂ ಕೆಂಪಾಗಿದ್ದವು.

ಅಂದು ಸಂಜೆ ಗಿಳಿ ಮನೆಗೆ ಹೋದಾಗ ಅಡುಗೆಮನೆಯಲ್ಲಿ ದೊಡ್ಡಮ್ಮನ ಹತ್ತಿರ ಅವರು ಹೇಳುತ್ತಿದ್ದದ್ದು ಕಿವಿಗೆ ಬಿತ್ತು. "ಕುರ್ಚಿ ಅವಳಿಗೇ ಬಿಟ್ಕೊಡೋಣ ಅಂತಿದ್ದೀನಿ. ಐವತ್ತೇಳಾಯ್ತು. ಸಾಕು."

ಗಿಳಿಗೆ ಕುರ್ಚಿ ಬೇಕಿರಲಿಲ್ಲ. ಅವಳು ಕತ್ತರಿಸಬಲ್ಲಳು, ಜೋಡಿಸಬಲ್ಲಳು. ಆದರೆ ಡಾಕ್ಟರಮ್ಮನ ಗುಂಗುರು ಕೂದಲನ್ನು ಹಸಿರಿನಿಂದ ಬಿಡಿಸಲು ಎರಡು ದಿನ ಒದ್ದಾಡಿ, ತಲೆಗೆ ಹೆಲ್ಮೆಟ್ ಹಾಕಿಸಿದ ಹಾಗೆ ಮಾಡಿಟ್ಟಿದ್ದಳು. ಆ ಕೈ ದೊಡ್ಡಪ್ಪನದು. ಕೈಗೆ ಗೊತ್ತಿರುವುದನ್ನು ಹೊಸ ಗುಂಡಿಗಳು ಕಸಿದುಕೊಂಡಿದ್ದವು, ಅಷ್ಟೇ. ಕೀಲಿಮಣೆ ಬದಲಾದರೆ ಐವತ್ತೇಳರ ಕೀಲುಗಳಿಗೂ ನೋವೇ.

ಪುಕ್ಕಟೆರಾಯನ ಒಳಗೆಲ್ಲ ತಡಕಾಡುತ್ತಿದ್ದಾಗ ಅವಳಿಗೆ ಒಂದು ಪಟ್ಟಿ ಸಿಕ್ಕಿತು. "ನಿಮಗೆ ಯಾವ ಸಾಫ್ಟ್‌ವೇರಿನ ಗುಂಡಿಗಳು ರೂಢಿ?" ಎಂದು ಅದೇ ಕೇಳುತ್ತಿತ್ತು. ಆ ಪಟ್ಟಿಯಲ್ಲಿ ಜಮೀನ್ದಾರನೂ ಇದ್ದ. ಗಿಳಿಯ ತಲೆಯೊಳಗಿನ ಕೋತಿ ಎದ್ದು ಮೈಮುರಿಯಿತು.

ತಿಂಗಳು ಮುಗಿದಾಗ ಅವಳು ಜಮೀನ್ದಾರನ ಬಾಡಿಗೆ ಕಟ್ಟಲಿಲ್ಲ. ಪುಕ್ಕಟೆರಾಯನಿಗೆ ಜಮೀನ್ದಾರನ ಗುಂಡಿಗಳನ್ನು ತೊಡಿಸಿ, ಕಂಪ್ಯೂಟರಿನ ಮುಖಪುಟದಲ್ಲಿ ಅವನ ಗುರುತಿನ ಜಾಗಕ್ಕೆ ಜಮೀನ್ದಾರನ ಚಿತ್ರವನ್ನೇ ಅಂಟಿಸಿದಳು. ಬೆಳಿಗ್ಗೆ ಬಂದು ಎಲ್ಲ ತೆರೆದಿಡುವುದು ಮೊದಲಿಂದಲೂ ಅವಳ ಕೆಲಸವೇ. ಶುರುವಿನಲ್ಲಿ ಮೂಡುವ ಹೆಸರು ದೊಡ್ಡಪ್ಪನ ಕಣ್ಣಿಗೆ ಬೀಳುವ ಪ್ರಶ್ನೆಯೇ ಇರಲಿಲ್ಲ.

"ಇದೇನೇ ಇದು? ಮನೆಯೆಲ್ಲ ಅದಲು ಬದಲು!" ಎಂದರು ದೊಡ್ಡಪ್ಪ ಸೋಮವಾರ.

"ಅಪ್‌ಡೇಟ್ ಬಂದಿದೆ ದೊಡ್ಡಪ್ಪ. ಗುಂಡಿ ಅವೇ. ಕೋಣೆಗಳು ಮಾತ್ರ ಸ್ವಲ್ಪ ಜರುಗಿವೆ."

"ಬಾಡಿಗೆ ಏರಿಸೋದು, ಮನೆ ಒಡೆಯೋದು. ಇದೇ ಆಯ್ತು ಇವರದ್ದು."

ಎಡಗೈ ಗುಂಡಿಯ ಮೇಲೆ ಬಿತ್ತು. ಚಿತ್ರ ತುಂಡಾಯಿತು, ಎಲ್ಲಿ ಆಗಬೇಕೋ ಅಲ್ಲಿ. ಎಡಗೈ ಗೆದ್ದಿತು, ಆದರೆ ಬಲಗೈಯ ಮೌಸು ದಾರಿ ತಪ್ಪಿದ ಎಮ್ಮೆಯ ಹಾಗೆ ಪರದೆಯಿಡೀ ಅಲೆಯತೊಡಗಿತು. ಹತ್ತು ನಿಮಿಷದಲ್ಲಿ ದೊಡ್ಡಪ್ಪ ಗುಡುಗಿದರು: "ಕಂಪನಿಯವರ ನಂಬರ್ ಕೊಡು. ಇವತ್ತು ಅವರಿಗೊಂದು ಗತಿ ಕಾಣಿಸ್ತೀನಿ."

ಇದನ್ನು ಗಿಳಿ ಯೋಚಿಸಿರಲಿಲ್ಲ. ಆದರೆ ನಾಲಿಗೆ ಅವಳಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಿತ್ತು. "ಕೊಡ್ತೀನಿ, ಹೊಸ ಸಹಾಯವಾಣಿ ಮಾಡಿದ್ದಾರಂತೆ," ಎಂದು ತನ್ನ ಎರಡನೆಯ ಸಿಮ್ಮಿನ ನಂಬರನ್ನೇ ಬರೆದುಕೊಟ್ಟಳು. "ನಾನು ಒಳಗೆ ಕಾಮೆಂಟರಿ ರೆಕಾರ್ಡ್ ಮಾಡ್ತಿರ್ತೀನಿ, ಬಾಗಿಲು ಬಡೀಬೇಡಿ."

ಗೂಡಿನ ಬಾಗಿಲು ಮುಚ್ಚುವುದಕ್ಕೂ ಫೋನು ನಡುಗುವುದಕ್ಕೂ ಸರಿಹೋಯಿತು.

"ನಮಸ್ಕಾರ! ನಿಮ್ಮ ಕರೆ ನಮಗೆ ಅತ್ಯಮೂಲ್ಯ. ಸಂಕಲನಕ್ಕಾಗಿ ಒಂದನ್ನು ಒತ್ತಿ. ಜೋಡಣೆಗಾಗಿ ಎರಡನ್ನು ಒತ್ತಿ. ಬೈಯುವುದಕ್ಕಾಗಿ," ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ನಮ್ಮ ಪ್ರತಿನಿಧಿಯೊಂದಿಗೆ ಮಾತಾಡಲು ಕಾಯಿರಿ," ಎಂದಳು. ಆಮೇಲೆ ಮೂಗಿನಲ್ಲೇ, ಎಲ್ಲ ಕಂಪನಿಯವರೂ ಕಾಯಿಸುವಾಗ ಹಾಕುವ ಆ ಟಿಂಟಿಣಿ ಸಂಗೀತವನ್ನು ಅರ್ಧ ನಿಮಿಷ ನುಡಿಸಿದಳು. ಕೊನೆಗೆ ತಣ್ಣನೆಯ, ಇಸ್ತ್ರಿ ಹಾಕಿದಂಥ ದನಿ: "ಹೇಳಿ ಸರ್. ತೊಂದರೆಗೆ ಕ್ಷಮೆ ಇರಲಿ."

ಹದಿಮೂರು ವರ್ಷದಲ್ಲಿ ಮೊದಲ ಸಲ ಕಂಪನಿಯೊಂದು ದೊಡ್ಡಪ್ಪನ ಕ್ಷಮೆ ಕೇಳಿತ್ತು. ಅವರ ಸಿಟ್ಟು ಅಲ್ಲೇ ತೇವವಾಯಿತು.

ಅರ್ಧ ಗಂಟೆಯ ನಂತರ ಗಿಳಿ ಹೊರಗೆ ಬಂದಾಗ ದೊಡ್ಡಪ್ಪ ಹಸನ್ಮುಖಿ. "ಸುಮ್ಸುಮ್ನೆ ಬಾಡಿಗೆ ಏರಿಸಿಲ್ಲ ಕಣೇ ಅವರು. ಸರ್ವಿಸ್ ಅಂದ್ರೆ ಇದು! ಆ ಮೇಡಂ ಎಷ್ಟು ಚೆನ್ನಾಗಿ ಹೇಳಿಕೊಟ್ರು ಗೊತ್ತಾ? ನಿನ್ನ ಪುಕ್ಕಟೆರಾಯನ ಮನೇಲಿ ಫೋನ್ ಎತ್ತೋಕೆ ಯಾರಾದ್ರೂ ಇದ್ದಾರಾ?"

"ಇಲ್ಲ ದೊಡ್ಡಪ್ಪ," ಎಂದಳು ಗಿಳಿ, ಬೆವರು ಒರೆಸಿಕೊಳ್ಳುತ್ತ. ಕಂಬಳಿ ಗೂಡಿನಲ್ಲಿ ಫ್ಯಾನಿರಲಿಲ್ಲ.

ಅಲ್ಲಿಂದ ದಿನಾ ಹತ್ತು ಗಂಟೆಗೆ ಮೇಡಂ. ಗಿಳಿ ಹಿಂದಿನ ಸಂಜೆ ಓದಿಕೊಂಡು ಬಂದು, ಬೆಳಿಗ್ಗೆ ಇಸ್ತ್ರಿ ದನಿಯಲ್ಲಿ ಪಾಠ ಹೇಳುತ್ತಿದ್ದಳು. ದೊಡ್ಡಪ್ಪ "ಹೂಂ ಮೇಡಂ", "ಇನ್ನೊಂದ್ಸಲ ಹೇಳಿ ಮೇಡಂ" ಎನ್ನುತ್ತ ಕಾಗದದ ಮೇಲೆ ಗೀಚಿಕೊಳ್ಳುತ್ತಿದ್ದರು. ಯಾರ ಬಾಯಿಂದಲೂ ಇನ್ನೊಂದ್ಸಲ ಹೇಳಿಸಿಕೊಂಡವರಲ್ಲ ಆ ಮನುಷ್ಯ.

ಊಟದ ಡಬ್ಬಿ ತಂದ ದೊಡ್ಡಮ್ಮನಿಗೆ ಅನುಮಾನ. "ಯಾರೇ ಅದು ಮೇಡಮ್ಮು? ಕಂಪ್ಯೂಟರ್ ಮುಂದೆ ಕೂರೋಕೆ ದಿನಾ ಗಡ್ಡ ಹೆರ್ಕೊಂಡು ಬರ್ತಿದ್ದಾರೆ ನಿನ್ನ ದೊಡ್ಡಪ್ಪ. ನನ್ನ ಹತ್ರ ಮಾತಾಡೋಕೆ ಆ ಶೃಂಗಾರ ಯಾವತ್ತೂ ಇರ್ಲಿಲ್ಲ."

"ಛೀ, ಹೋಗೇ," ಎಂದರು ದೊಡ್ಡಪ್ಪ. "ಅವರ ತಾಳ್ಮೆ ದೊಡ್ಡದು. ಗಿಳೀ, ನಿನಗೆ ಎಲ್ಲರ ದನಿ ಬರುತ್ತಲ್ಲ, ಆ ಮೇಡಂ ಹೇಗೆ ಮಾತಾಡ್ತಾರೆ ಅಂತ ಹೇಳ್ತೀನಿ, ಮಾಡು ನೋಡೋಣ."

ಗಿಳಿ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಇಳಿಸಿದಳು. ಬೇಡವೆಂದರೆ ಅನುಮಾನ ಬರುತ್ತದೆ. ನೀರು ಕುಡಿದು, "ಹೇಳಿ ಸರ್. ತೊಂದರೆಗೆ ಕ್ಷಮೆ ಇರಲಿ," ಎಂದಳು. ತನ್ನನ್ನೇ ಅಣಕಿಸುವುದು ಅವಳಿಗೂ ಹೊಸದು. ಹೆದರಿಕೆಗೆ ದನಿ ಒಂದು ಎಳೆ ಮೇಲೆ ಹೋಯಿತು.

ದೊಡ್ಡಪ್ಪ ತಲೆ ಅಡ್ಡಡ್ಡ ಆಡಿಸಿದರು. "ಊಹೂಂ. ಹತ್ರಾನೂ ಇಲ್ಲ. ಅವರದ್ದು ತೂಕದ ದನಿ. ನಿನ್ನದು ಚಿಲ್ಲರೆ."

ಗಿಳಿಗೆ ಜೀವ ಬಂದ ಹಾಗೂ ಆಯಿತು, ಅವಮಾನವೂ ಆಯಿತು.

ಗಡುವಿಗೆ ಐದು ದಿನ ಉಳಿದಾಗ ಕೂದಲಿನ ಸರದಿ. ಪುಕ್ಕಟೆರಾಯನಲ್ಲಿ ಪದರದ ಮೇಲೆ ಪದರ ಹೇರುವ ಪದ್ಧತಿಯಿರಲಿಲ್ಲ. ಪುಟ್ಟ ಪೆಟ್ಟಿಗೆಗಳು, ಒಂದರಿಂದ ಇನ್ನೊಂದಕ್ಕೆ ದಾರ. ದೊಡ್ಡಪ್ಪನಿಗೆ ಅದು ತಲೆಗೆ ಹತ್ತಲಿಲ್ಲ. ಹತ್ತಕ್ಕೆ ಬರಬೇಕಿದ್ದ ಕರೆ ಹತ್ತೂವರೆಗೆ ಬಂತು.

"ಮೇಡಂ, ಒಂದು ಕೇಳ್ಲಾ? ನನ್ನ ವಯಸ್ಸಿನವರು ಯಾರಾದ್ರೂ ನಿಮಗೆ ಫೋನ್ ಮಾಡ್ತಾರಾ?"

"ತುಂಬಾ ಜನ ಸರ್."

"ಸುಳ್ಳು ಹೇಳ್ತಿದ್ದೀರಿ, ಇರ್ಲಿ. ನಮ್ಮ ಹುಡುಗಿ ಒಬ್ಬಳಿದ್ದಾಳೆ ಇಲ್ಲಿ. ತಮ್ಮನ ಮಗಳು. ಪಕ್ಕದ ಕೋಣೇಲೇ ಇದ್ದಾಳೆ. ಕೇಳಿದ್ರೆ ಎರಡು ನಿಮಿಷದಲ್ಲಿ ಹೇಳಿಕೊಡ್ತಾಳೆ. ಬಾಯಿ ಬರಲ್ಲ ಮೇಡಂ. ಅವಳಿಗೆ ಕತ್ತರಿಸೋದು ಕಲಿಸಿದವನು ನಾನು. ಅವಳ ಮುಂದೆ ತಪ್ಪು ಮಾಡಿದ್ರೆ ಅವಳು ನಗಲ್ಲ, ಅದೇ ಕಷ್ಟ. ನಗದೇ ಸುಮ್ಮನೆ ನಿಂತಿರ್ತಾಳೆ. ನೀವಾದ್ರೆ ಮುಖ ಕಾಣಲ್ಲ. ಇದು ನನ್ನ ಕೈಲಿ ಆಗ್ಲಿಲ್ಲ ಅಂದ್ರೆ ಎದ್ದು ಮನೆಗೆ ಹೋಗ್ಬಿಡ್ತೀನಿ ಮೇಡಂ. ಆಮೇಲೆ ನಿಮಗೂ ತೊಂದರೆ ಕೊಡಲ್ಲ."

ಗೂಡಿನೊಳಗೆ ಗಿಳಿ ಕಂಬಳಿಗೆ ಹಣೆ ಆನಿಸಿ ನಿಂತಳು. ಮೇಡಂನ ದನಿ ಎಲ್ಲಿಗೋ ಹೊರಟುಹೋಗಿತ್ತು. "ಲೈನಲ್ಲೇ ಇರಿ ಸರ್," ಎಂದು ಹೇಗೋ ಹೇಳಿ, ಕಣ್ಣು ಮೂಗು ಎರಡೂ ಸುರಿಯುತ್ತಿರುವಾಗ, ಆ ಟಿಂಟಿಣಿ ಸಂಗೀತ ಶುರುಮಾಡಿದಳು. ಅವತ್ತು ಅದು ಎರಡು ನಿಮಿಷ ನಡೆಯಿತು, ನಡುನಡುವೆ ಶ್ರುತಿ ತಪ್ಪಿ. ಇದು ತಮಾಷೆಯಾಗಿ ಉಳಿದಿಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಈಗ ಹೇಳಿದರೆ ಎದ್ದು ಹೋಗುತ್ತಾರೆ. ಹೇಳದೇ ಹೋದರೆ, ಎಂದಾದರೂ ಗೊತ್ತಾದಾಗ ತನ್ನ ಮುಖ ನೋಡುವುದಿಲ್ಲ.

"ಸರ್," ಎಂದಳು ಕೊನೆಗೆ, "ನೀರಿನ ಪೈಪ್ ನೆನೆಸ್ಕೊಳಿ. ಚಿತ್ರ ಒಂದು ಕಡೆಯಿಂದ ಹರ್ಕೊಂಡು ಬರುತ್ತೆ. ಒಂದೊಂದು ಪೆಟ್ಟಿಗೆಯೂ ಒಂದು ಜರಡಿ. ಹಸಿರನ್ನ ಹಿಡಿದಿಟ್ಕೊಂಡು ಉಳಿದದ್ದನ್ನ ಮುಂದಕ್ಕೆ ಬಿಡುತ್ತೆ."

ಆ ಕಡೆ ಬಹಳ ಹೊತ್ತು ಮೌಸಿನ ಟಿಕ್‌ಟಿಕ್. ಆಮೇಲೆ ದೊಡ್ಡಪ್ಪನ ದನಿಯಲ್ಲಿ ಹಳೇ ದೊಡ್ಡಪ್ಪ: "ಹಾಗಾದ್ರೆ ಎರಡು ಜರಡಿ ಇಡಬಹುದಲ್ಲ ಮೇಡಂ? ತಲೆಗೊಂದು ದಪ್ಪದ್ದು, ಕೂದಲಂಚಿಗೊಂದು ನಯದ್ದು? ಎರಡೂ ನೀರನ್ನ ಕೊನೇಲಿ ಸೇರಿಸಿದ್ರೆ?"

ಗಿಳಿ ಬಾಯಿ ತೆರೆದು ನಿಂತಳು. ಎರಡು ದಿನ ಒದ್ದಾಡಿದಾಗ ಅವಳಿಗೆ ಹೊಳೆಯದ್ದು ಅದೇ. "ಅದು... ನಮಗೇ ಗೊತ್ತಿರ್ಲಿಲ್ಲ ಸರ್," ಎಂದಳು. ಮೇಡಂ ಆಡಿದ ಮಾತುಗಳಲ್ಲಿ ಅದೊಂದು ಅಪ್ಪಟ ನಿಜ.

ಗಡುವಿನ ದಿನ ಡಾಕ್ಟರಮ್ಮ ಬಂದರು, ಆಸ್ಪತ್ರೆಯ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು. ದೊಡ್ಡಮ್ಮನೂ ಡಬ್ಬಿಯೊಂದಿಗೆ ಬಂದಿದ್ದವರು ನಿಂತುಕೊಂಡರು. ಪರದೆಯ ಮೇಲೆ ಡಾಕ್ಟರಮ್ಮ ತೋಳೆತ್ತಿದರು; ಪಕ್ಕದಲ್ಲಿ ಸ್ನಾಯು ಹಗ್ಗದ ಹಾಗೆ ಬಿಗಿದು ಸಡಿಲವಾಯಿತು. ತಲೆಯಲುಗಿದಾಗ ಗುಂಗುರಿನ ಒಂದೊಂದು ಎಳೆಯೂ ಬೆಳಕಿನಲ್ಲಿ ಅಲುಗಿತು, ಹಸಿರಿನ ಸುಳಿವಿಲ್ಲ.

"ನನ್ನ ಕೂದಲು ಕನ್ನಡಿಯಲ್ಲೂ ಇಷ್ಟು ಚೆನ್ನಾಗಿ ಕಂಡಿಲ್ಲ," ಎಂದರು ಡಾಕ್ಟರಮ್ಮ. "ಯಾವ ಸಾಫ್ಟ್‌ವೇರ್ ಇದು?"

ದೊಡ್ಡಪ್ಪ ಎದೆ ಸೆಟೆಸಿ ಜಮೀನ್ದಾರನ ನಿಜವಾದ ಹೆಸರು ಹೇಳಿದರು. "ಇಂಥ ಕೆಲಸ ಅದರಲ್ಲೇ ಆಗ್ಬೇಕು ಅಮ್ಮ. ಪುಕ್ಕಟೆ ಸಿಗೋದ್ರಲ್ಲಿ ಈ ಕೂದಲು ಬಿಡಿಸೋಕೆ ಬ್ರಹ್ಮನ ಕೈಲೂ ಆಗಲ್ಲ."

ಡಾಕ್ಟರಮ್ಮನ ಮುಖ ಇಳಿಯಿತು. "ಅಯ್ಯೋ. ಹಾಗಾದ್ರೆ ನಮಗಾಗಲ್ಲ. ಮೊದಲೇ ಹೇಳಿದ್ನಲ್ಲ." ಎದ್ದು ಚೀಲದ ಪಟ್ಟಿ ಹೆಗಲಿಗೇರಿಸಿದರು.

ಇನ್ನು ಮೂರು ಹೆಜ್ಜೆಗೆ ಬಾಗಿಲು. ಗಿಳಿ ದೊಡ್ಡಪ್ಪನ ಕಡೆ ನೋಡಲಿಲ್ಲ, ನೋಡಿದ್ದರೆ ಆಗುತ್ತಿರಲಿಲ್ಲ. "ಡಾಕ್ಟ್ರೇ, ಲ್ಯಾಪ್‌ಟಾಪ್ ಕೊಡಿ," ಎಂದು ಇಸಿದುಕೊಂಡು, ಫೈಲನ್ನೂ ಪುಕ್ಕಟೆರಾಯನನ್ನೂ ಪೆನ್‌ಡ್ರೈವಿಗೆ ಹಾಕಿ ಅದರಲ್ಲಿ ಚುಚ್ಚಿದಳು. ಆಸ್ಪತ್ರೆಯ ಲ್ಯಾಪ್‌ಟಾಪಿನಲ್ಲಿ ಪುಕ್ಕಟೆರಾಯ ನೆಲೆಯೂರಿ ಎದ್ದು, ತನ್ನ ಹೆಸರನ್ನು ದೊಡ್ಡದಾಗಿ ತೋರಿಸಿ, ಫೈಲನ್ನು ತೆರೆದ. ಅವೇ ಪೆಟ್ಟಿಗೆಗಳು, ಅವೇ ದಾರಗಳು, ಅವೇ ಎರಡು ಜರಡಿ.

ದೊಡ್ಡಪ್ಪ ಕನ್ನಡಕ ಏರಿಸಿದರು. ಈ ಪರದೆ ನೋಡಿದರು, ಆ ಪರದೆ ನೋಡಿದರು.

"ಇದು ಅಪ್‌ಡೇಟ್ ಅಲ್ವಾ?"

"ಅಲ್ಲ ದೊಡ್ಡಪ್ಪ. ಪುಕ್ಕಟೆರಾಯ. ಮೊದಲ ದಿನದಿಂದ. ಗುಂಡಿ ಮಾತ್ರ ಹಳೇದು ಹಾಕಿದ್ದೆ."

"ಮತ್ತೆ ನಾನು ಫೋನ್ ಮಾಡ್ತಿದ್ನಲ್ಲ ಕಂಪನಿಗೆ. ಆ ಮೇಡಂ?"

ಗಿಳಿ ನೆಲ ನೋಡಿದಳು. ಅವಳ ಬಾಯಲ್ಲಿ ಆಗ ಯಾರ ದನಿಯೂ ಇರಲಿಲ್ಲ, ತನ್ನದೂ.

ಅರ್ಥವಾದದ್ದು ಮೊದಲು ದೊಡ್ಡಮ್ಮನಿಗೆ. "ಅಯ್ಯೋ ನಿನ್ನ! ಇವಳಿಗೋಸ್ಕರಾನಾ ದಿನಾ ಗಡ್ಡ ಹೆರ್ಕೊಂಡಿದ್ದು?"

ಹದಿನೈದು ದಿನ ಫೋನಿನಲ್ಲಿ ಆಡಿದ್ದೆಲ್ಲ ದೊಡ್ಡಪ್ಪನ ಮುಖದ ಮೇಲೆ ಒಂದೊಂದಾಗಿ ಹಾದುಹೋಗುವುದು ಕಾಣುತ್ತಿತ್ತು. ಡಾಕ್ಟರಮ್ಮನಿಗೆ ಇದ್ಯಾವುದೂ ತಿಳಿಯದು. ಅವರು ಲ್ಯಾಪ್‌ಟಾಪಿನಲ್ಲಿ ಒಂದು ಪೆಟ್ಟಿಗೆ ಮುಟ್ಟಿ, ಅಕ್ಷರ ಬದಲಿಸಿ ನೋಡಿ, "ನಮಗೆ ಬೇಕಿದ್ದದ್ದು ಇದೇ ಅಲ್ವಾ! ಉಳಿದ ಮೂವತ್ತೊಂಬತ್ತು ಯಾವತ್ತಿಂದ ಶುರು ಮಾಡ್ತೀರಿ?" ಎಂದರು.

ದೊಡ್ಡಪ್ಪ ಎದ್ದರು. ಯಾರನ್ನೂ ನೋಡದೆ ಹಿಂದಿನ ಕೋಣೆಗೆ ನಡೆದು, ಗೂಡಿನೊಳಗೆ ಹೊಕ್ಕು, ಬಾಗಿಲು ಎಳೆದುಕೊಂಡರು.

ಅಂಗೈಯಗಲ ಗಾಜಿನಲ್ಲಿ ಅವರ ಬೆನ್ನು ಕಾಣುತ್ತಿತ್ತು. ತಲೆ ತಗ್ಗಿತ್ತು. ಹೆಗಲು ನಡುಗುತ್ತಿತ್ತು. ಒಂದು ಕೈ ಕಂಬಳಿಯ ಗೋಡೆಗೆ ಊರಿತ್ತು. ಸದ್ದಿಲ್ಲ.

"ಅಳ್ತಿದ್ದಾರೆ ಕಣೇ," ಎಂದು ದೊಡ್ಡಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು. "ಮದುವೆಯಾಗಿ ಮೂವತ್ತು ವರ್ಷಕ್ಕೆ ಒಂದ್ಸಲವೂ ನೋಡಿರ್ಲಿಲ್ಲ. ಏನು ಮಾಡ್ಬಿಟ್ಟೆ ಹುಡುಗೀ?"

ಗಿಳಿ ಗೂಡಿನ ಹತ್ತಿರ ಹೋದಳು. ಕಾಲಿಗೆ ಬೀಳಬೇಕೆಂದುಕೊಂಡಳು. ಹಿಡಿ ಹಿಡಿದು, ಕಣ್ಣು ಮುಚ್ಚಿ, ರಬ್ಬರ್ ಪಟ್ಟಿ ಕಿತ್ತುಬರುವ ಹಾಗೆ ಬಾಗಿಲು ಎಳೆದಳು.

ನಗು ಹೊರಗೆ ಧುಮುಕಿತು. ಕಟ್ಟೆ ಒಡೆದ ಹಾಗೆ, ಕೋಣೆ ತುಂಬಿ, ಮೆಟ್ಟಿಲಿಳಿದು, ಕೆಳಗಿನ ಕನ್ನಡಕದವನು ಗಿರಾಕಿಯನ್ನು ಬಿಟ್ಟು ಬೀದಿಗೆ ಬಂದು ಮೇಲೆ ನೋಡುವಷ್ಟು. ದೊಡ್ಡಪ್ಪನ ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಉಸಿರೇ ಸಿಗುತ್ತಿಲ್ಲ. "ಆ ಸಂಗೀತ..." ಎಂದು ಗೋಡೆ ಹಿಡಿದು ಕುಸಿದರು, "ಶ್ರುತಿ ತಪ್ಪಿದಾಗ... ಲೈನ್ ಸರಿಯಿಲ್ಲ ಅಂದ್ಕೊಂಡು... ಫೋನನ್ನ ಕುಟ್ಟಿದ್ನಲ್ಲೇ ಮೂರು ಸಲ!"

ಡಾಕ್ಟರಮ್ಮ ಚೀಲ ಕೆಳಗಿಟ್ಟು, ಏನೆಂದು ತಿಳಿಯದೆಯೇ ನಗತೊಡಗಿದರು. ದೊಡ್ಡಮ್ಮ ಬೈಯುತ್ತ ನಕ್ಕರು, ಗಿಳಿ ಅಳುತ್ತ ನಕ್ಕಳು. ಆದರೆ ಆ ಮೂವರ ನಗುವನ್ನೂ ಒಟ್ಟುಗೂಡಿಸಿ ತೂಗಿದರೂ ದೊಡ್ಡಪ್ಪನ ನಗುವಿನ ಅರ್ಧಕ್ಕೆ ಬರುತ್ತಿರಲಿಲ್ಲ.